ನಷ್ಟ ತಾಳುವ ಶಕ್ತಿ

ಎಡಕ್ಕೆ ತಿರುಗಿ, ಎಂದಿತು ಫೋನು. ಪ್ರೊದ್ರೊಮೋಸ್ ತಿರುಗಿದ. ಬಲಕ್ಕೆ ತಿರುಗಿ, ಎಂದಿತು. ತಿರುಗಿದ. ಮುಖ ಸರಿಯಾಗಿ ಕಾಣುತ್ತಿಲ್ಲ, ಬೆಳಕಿರುವ ಕಡೆ ಬನ್ನಿ, ಎಂದಾಗ ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತು, ಶಾಲೆಯಲ್ಲಿ ಪಟ ತೆಗೆಸಿಕೊಳ್ಳುವ ಹುಡುಗನ ಹಾಗೆ ಗದ್ದ ಎತ್ತಿದ. ಅರವತ್ತೆರಡು ವರ್ಷದ ಗಂಡಸು. ಲಿಗ್ನೈಟ್ ಕಲ್ಲಿದ್ದಲ ಗಣಿಯಲ್ಲಿ ಚರ್ಚಿನ ಗೋಪುರಕ್ಕಿಂತ ಎತ್ತರದ ಅಗೆಯುವ ಯಂತ್ರವನ್ನು ಬದುಕಿಡೀ ಆಡಿಸಿದವನು. ಈಗ ಅಂಗೈಯಗಲದ ಗಾಜು ಹೇಳಿದಂತೆ ಕತ್ತು ತಿರುಗಿಸುತ್ತಿದ್ದಾನೆ. ಯಾರೂ ನೋಡುತ್ತಿಲ್ಲ ಎಂದು ಗೊತ್ತಿದ್ದರೂ ನಾಚಿಕೆಯಾಯಿತು. ಕೊನೆಗೆ ಹಸಿರು ಗುರುತು ಮೂಡಿತು. ನೀವು ನೀವೇ ಎಂದು ಖಚಿತವಾಗಿದೆ. ಧನ್ಯವಾದ ಎಂದು ಬಾಯಿಬಿಟ್ಟು ಹೇಳಿ, ಹೇಳಿದ್ದಕ್ಕೆ ಇನ್ನೊಮ್ಮೆ ನಾಚಿದ.

ಇಷ್ಟು ಬೆಳಿಗ್ಗೆ ಈ ಕೆಲಸಕ್ಕೆ ಕೂರಲು ಕಾರಣವಿತ್ತು, ಆ ಕಾರಣ ಅಷ್ಟೇನೂ ಮರ್ಯಾದೆಯದ್ದಲ್ಲ. ಗಣಿ ಮುಚ್ಚುತ್ತ ಬಂದ ಮೇಲೆ ಪ್ತೊಲೆಮಾಯ್ದಾ ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಇಡಿಗಂಟು ಪಡೆದು ಮನೆ ಸೇರಿದ್ದರು. ಮೊದಲು ಫುಟ್‌ಬಾಲಿನ ಜಗಳವಾಗುತ್ತಿದ್ದ ಕಾಫಿ ಅಂಗಡಿಯಲ್ಲಿ ಈಗ ಯಾವ ಆ್ಯಪು ಎಷ್ಟು ಕೊಡುತ್ತದೆ, ಯಾವುದು ಎಷ್ಟು ಮುರಿದುಕೊಳ್ಳುತ್ತದೆ ಎನ್ನುವುದೇ ಮಾತು. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿಗೆ ಹಿಡಿದ ಮುದುಕರು. ಪ್ರೊದ್ರೊಮೋಸನ ಮುಂದೆ ಎರಡು ದಾರಿ ಇದ್ದವು. ಒಂದು, ಬ್ಯಾಂಕಿನವರ ನಿವೃತ್ತಿ ನಿಧಿ: ನಿಧಾನ, ಸಪ್ಪೆ, ಹೆಚ್ಚು ಕೊಡುವುದಿಲ್ಲ, ಹಾಗೆಂದು ನುಂಗುವುದೂ ಇಲ್ಲ. ಇನ್ನೊಂದು, ಹೆಂಡತಿಯ ಅಣ್ಣನ ಮಗಳು ದೋಮ್ನಾ ಕೆಲಸ ಮಾಡುವ, ಹಣ ಹೂಡಿಸುವ ಹೊಸ ಆ್ಯಪು. ಈಸ್ಟರ್ ಹಬ್ಬದ ದಿನ ಕುರಿಮಾಂಸದ ತಟ್ಟೆ ಪಕ್ಕಕ್ಕೆ ಸರಿಸಿ ಅವಳೇ ಅವನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟಿದ್ದಳು. ಅಂದಿನಿಂದ ಅದು ಬರಿದಾಗಿ, ಬಾಯಿ ತೆರೆದುಕೊಂಡು ಕೂತಿತ್ತು. ಇಲ್ಲ ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಇವತ್ತು ಅವಳು ಎದುರಾಗುವವಳು. ಅಷ್ಟರೊಳಗೆ ಬ್ಯಾಂಕಿನದ್ದು ಮುಗಿಸಿಬಿಟ್ಟರೆ, ಅಯ್ಯೋ ಆಗಲೇ ಹಾಕಿಬಿಟ್ಟೆನಲ್ಲ ಮಗು ಎಂದು ತಲೆ ಕೆರೆದುಕೊಳ್ಳಬಹುದು. ಹೇಡಿಯ ಲೆಕ್ಕ. ಅವನಿಗೂ ಅದು ಗೊತ್ತಿತ್ತು.

ಫೋನು ಪ್ರಶ್ನೆಗಳನ್ನು ಶುರುಮಾಡಿತು. ನಿಮ್ಮನ್ನು ಅವಲಂಬಿಸಿದ ಮಕ್ಕಳು ಎಷ್ಟು? ಸೊನ್ನೆ ಒತ್ತಿದ. ನಿಮ್ಮ ನಷ್ಟ ತಾಳುವ ಶಕ್ತಿ ತಿಳಿಯಲು ಇದಕ್ಕೆ ಉತ್ತರಿಸಿ: ಹಾಕಿದ ಹಣದ ಮೂರನೇ ಒಂದು ಭಾಗ ಒಂದೇ ವರ್ಷದಲ್ಲಿ ಹೋದರೆ ಏನು ಮಾಡುವಿರಿ? ಉಳಿದಿದ್ದನ್ನು ಹಿಂತೆಗೆಯುವೆ. ಕಾಯುವೆ. ಇನ್ನಷ್ಟು ಹಾಕುವೆ. ಪ್ರೊದ್ರೊಮೋಸ್ ಬೆರಳನ್ನು ಗಾಳಿಯಲ್ಲೇ ಹಿಡಿದು ಕೂತ. ಅವನು ಮಾಡಿದ್ದು ಈ ಮೂರರಲ್ಲಿ ಇರಲಿಲ್ಲ. ಮೂರನೇ ಒಂದಲ್ಲ, ಪೂರ್ತಿ ಹೋಗಿತ್ತು. ಆಮೇಲೆ ಇಪ್ಪತ್ತು ವರ್ಷ, ಭಾನುವಾರ ಬಿಡದೆ, ಕಳೆದವನ ಎದುರಿಗೇ ಕೂತು ಎಲೆಕೋಸಿನ ಸುರುಳಿ ತಿಂದು, ಅವನ ಲೋಟಕ್ಕೆ ವೈನು ಬಗ್ಗಿಸಿ, ಅವನ ಜೋಕಿಗೆ ನಕ್ಕಿದ್ದ. ಇದನ್ನು ಒತ್ತಲು ಒಂದು ಚೌಕ ಬಿಟ್ಟಿಲ್ಲವಲ್ಲ ಇವರು ಎಂದುಕೊಂಡ. ಆಗ ಷೇರಿನ ಹುಚ್ಚು ಊರಿಗೆ ಊರನ್ನೇ ಹಿಡಿದಿತ್ತು. ಆಡು ಕಾಯುವವರೂ ಕಾಫಿ ಅಂಗಡಿಯ ಟೀವಿಯಲ್ಲಿ ಓಡುವ ಅಂಕಿಗಳನ್ನು ನೋಡುತ್ತ ನಿಂತಿದ್ದ ಕಾಲ. ಹೆಂಡತಿಯ ಅಣ್ಣ ಅನೆಸ್ತಿಸ್ ಅದೇ ಅಂಗಡಿಯ ಮಹಡಿಯ ಮೇಲೆ ಷೇರು ಕೊಡಿಸುವ ಆಫೀಸು ತೆರೆದು, ಬೂದು ಸೂಟು ಹೊಲಿಸಿಕೊಂಡು, ಮೆಟ್ಟಿಲ ಮೇಲೆ ನಿಂತು ಎಲ್ಲರ ಹೆಗಲು ತಟ್ಟುತ್ತಿದ್ದ. ಭಾವ, ಈ ದುಡ್ಡು ಡಾಕ್ಟರಿಗೆ ಎಂದಿದ್ದ ಪ್ರೊದ್ರೊಮೋಸ್. ಥೆಸ್ಸಲೊನೀಕಿಯ ಡಾಕ್ಟರು ಹೆಂಡತಿ ಪಾರ್ಥೇನಾಗೆ ಮಗುವಾಗಲು ಇನ್ನೊಂದೆರಡು ವರ್ಷ ಅವಕಾಶವಿದೆ, ತಡಮಾಡಬೇಡಿ ಎಂದಿದ್ದರು. ಅನೆಸ್ತಿಸ್ ನಕ್ಕಿದ್ದ. ‘ಎರಡು ತಿಂಗಳು ನನ್ ಕೈಲಿ ಬಿಡೋ. ಡಾಕ್ಟರ್ ಯಾಕೆ, ಆಸ್ಪತ್ರೇನೇ ಕೊಂಡ್ಕೊಳ್ಳೋಣ.’ ಚಳಿಗಾಲ ಮುಗಿಯುವಷ್ಟರಲ್ಲಿ ಮಹಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಅನೆಸ್ತಿಸನದ್ದೂ ಹೋಗಿತ್ತು, ಅದು ನಿಜ. ಆದರೆ ಅವನ ಮನೆಯಲ್ಲಿ ನಾಲ್ಕು ವರ್ಷದ ದೋಮ್ನಾ ಇದ್ದಳು.

‘ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ಯಾ?’ ಪಾರ್ಥೇನಾ ಕಪ್ಪು ಬಟ್ಟೆ ಉಟ್ಟು ಬಂದು ನಿಂತಿದ್ದಳು. ಒಂದು ಕೈಯಲ್ಲಿ ಬೇಯಿಸಿದ ಗೋಧಿಯ ತಟ್ಟೆ, ಮೇಲೆ ಸಕ್ಕರೆ ಹರಡಿ ಬಾದಾಮಿಯಿಂದ ಶಿಲುಬೆ ಜೋಡಿಸಿದ್ದು. ಇನ್ನೊಂದರಲ್ಲಿ ವೈನಿನ ಬಾಟಲಿ. ಕಂಕುಳಲ್ಲಿ ಮಡಿಸಿದ ಬಿಳಿ ಬಟ್ಟೆ. ‘ಪಾದ್ರಿ ಕಾಯಲ್ಲ. ಎದ್ದೇಳು ಮಾರಾಯ.’

‘ಒಂದೇ ಒಂದು ಪ್ರಶ್ನೆ ಬಾಕಿ ಇದೆ.’

‘ದೋಮ್ನಾಗೆ ಏನ್ ಹೇಳ್ತೀಯ ಇವತ್ತು?’

‘ಇವತ್ತು ಅದನ್ನೆಲ್ಲ ಕೇಳ್ತಾಳಾ? ಅಪ್ಪನ ಗೋರಿ ತೆಗ್ದು ಮೂಳೆ ಎತ್ತೋ ದಿನ.’

‘ಕೇಳಲ್ಲ. ಅವಳು ಕೇಳೋ ಹುಡುಗೀನೇ ಅಲ್ಲ. ಅದಕ್ಕೇ ನೀನು ಆರಾಮಾಗಿದೀಯ.’ ಪಾರ್ಥೇನಾ ತಟ್ಟೆಯನ್ನು ಮೇಜಿನ ಮೇಲಿಟ್ಟು ತಲೆವಸ್ತ್ರ ಬಿಗಿದುಕೊಂಡಳು. ‘ಎತ್ತಿ ಆಡಿಸಿದ ಮಗು. ನಮ್ ದುಡ್ಡು ಅವಳ ಮೂಲಕ ಹೋದ್ರೆ ಅವಳಿಗೂ ನಾಕು ಕಾಸು. ಆದ್ರೆ ನೀನು ಅವಳಲ್ಲಿ ಅವಳನ್ನ ನೋಡಲ್ಲ. ಅಣ್ಣನ್ನ ನೋಡ್ತೀಯ.’

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಪ್ರಶ್ನೆ ಜೇಬಿನಲ್ಲೇ ಉಳಿಯಿತು.

ಊರಿನ ಸ್ಮಶಾನ ಗಣಿಯ ಅಂಚಿನ ಗುಡ್ಡದ ಮೇಲಿದೆ. ಕಾರು ಏರು ಹತ್ತುವಾಗ ಎಡಗಡೆ ಇಡೀ ಗಣಿ ಕಾಣುತ್ತದೆ. ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಕಡಿದು ಮಾಡಿದ ಆ ಹಳ್ಳದಲ್ಲಿ ಮೂರು ಹಳ್ಳಿಗಳು ಹೋಗಿವೆ. ಅವುಗಳ ಸ್ಮಶಾನಗಳನ್ನೂ ಎತ್ತಿ ಸಾಗಿಸಿದ್ದರು. ಆ ಮೆಟ್ಟಿಲುಗಳಲ್ಲಿ ಎಷ್ಟೋ ಅವನೇ ಕಡಿದವು. ಈಗ ಯಂತ್ರ ಕತ್ತು ಬಗ್ಗಿಸಿ ತಳದಲ್ಲಿ ನಿಂತಿತ್ತು. ಅದರಾಚೆ ವಿದ್ಯುತ್ ಸ್ಥಾವರದ ಗೋಪುರಗಳಲ್ಲಿ ಆವಿಯಿಲ್ಲ. ಹೊಗೆ ಇದ್ದಾಗ ಊರಿಗೆ ಊರೇ ಅದನ್ನು ಬೈಯುತ್ತಿತ್ತು; ಈಗ ಬರಿದಾದ ಆಕಾಶ ನೋಡಿದರೆ ಯಾರೋ ಉಸಿರು ಹಿಡಿದುಕೊಂಡು ನಿಂತ ಹಾಗೆ ಕಾಣುತ್ತದೆ. ಪಾರ್ಥೇನಾ ತೊಡೆಯ ಮೇಲಿನ ತಟ್ಟೆಯನ್ನು ಅಲುಗದಂತೆ ಹಿಡಿದಿದ್ದಳು. ಅನೆಸ್ತಿಸ್ ಸಾಯುವ ದಿನವೂ ಅವಳು ಹೀಗೆಯೇ ಅಲುಗದೆ ಕೂತಿದ್ದಳು, ಆಸ್ಪತ್ರೆಯ ಹಾಸಿಗೆಯ ಆಚೆ ಬದಿಗೆ. ಅನೆಸ್ತಿಸನ ಒಣಗಿದ ಕೈ ಚಾದರದಿಂದ ಹೊರಬಂದು ಪ್ರೊದ್ರೊಮೋಸನ ಮಣಿಕಟ್ಟು ಹಿಡಿದಿತ್ತು. ‘ಮನಸ್ಸಲ್ಲಿ ಏನಾದ್ರೂ ಇದ್ರೆ ಬಿಟ್ಬಿಡೋ.’ ಅಷ್ಟೇ ಮಾತು, ಉಸಿರಿನಷ್ಟು ಸಣ್ಣದು. ಪ್ರೊದ್ರೊಮೋಸ್ ಬಗ್ಗಿ, ‘ನೀರು ಬೇಕಾ ಭಾವ?’ ಎಂದಿದ್ದ. ನೀರನ್ನೂ ತಂದುಕೊಟ್ಟಿದ್ದ. ಬೇಕೆಂದೇ ಕೇಳಿಸದವನ ಹಾಗೆ ಮಾಡಿದ್ದು ಪಾರ್ಥೇನಾಗೆ ಗೊತ್ತಾಯಿತೋ ಇಲ್ಲವೋ. ಅವಳು ಎಂದೂ ಕೇಳಲಿಲ್ಲ.

ಗೋರಿಯ ಬಳಿ ಎಲ್ಲರೂ ಸೇರಿದ್ದರು. ಅನೆಸ್ತಿಸನ ಹೆಂಡತಿ ಸಿಮೇಲಾ, ಪಕ್ಕದಲ್ಲಿ ದೋಮ್ನಾ, ಅಕ್ಕಪಕ್ಕದ ಮನೆಯ ನಾಲ್ಕಾರು ಹೆಂಗಸರು, ಒಂದಿಬ್ಬರು ಗಂಡಸರು, ಪಾದ್ರಿ. ಅಮೃತಶಿಲೆಯನ್ನು ಆಗಲೇ ಸರಿಸಿ ಗೋಡೆಗೆ ಒರಗಿಸಿದ್ದರು. ದೋಮ್ನಾ ಬಂದು ಮಾವನ ಕೆನ್ನೆಗೆ ಮುತ್ತಿಟ್ಟಳು. ಅವಳ ಮುಖ ತಣ್ಣಗಿತ್ತು, ನಿದ್ದೆ ಕಂಡಿರದ ಕಣ್ಣು. ‘ಆಮೇಲೆ ನಿನ್ ಹತ್ರ ಸ್ವಲ್ಪ ಮಾತಾಡ್ಬೇಕು ಮಾವ’ ಎಂದಳು. ಬಂತು, ಎಂದುಕೊಂಡ ಪ್ರೊದ್ರೊಮೋಸ್. ಮುಗಿಸಿ ಬರಬೇಕಿತ್ತು. ಜೇಬಿನ ಮೇಲೆ ಕೈಯಿಟ್ಟುಕೊಂಡ. ಇವಳು ಅಪ್ಪನ ಗುಂಡಿಯ ದಂಡೆಯಲ್ಲಿ ನಿಂತೂ ಗಿರಾಕಿ ಹುಡುಕುತ್ತಾಳೆ, ರಕ್ತ ಎಲ್ಲಿಗೆ ಹೋಗುತ್ತದೆ, ಎಂಬ ಯೋಚನೆ ಬಂದು, ಬಂದಿದ್ದಕ್ಕೆ ಅವಳ ಭುಜವನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದ.

ಗುಂಡಿ ತೋಡುವ ಆರ್ಗಿರಿಸ್ ಸಲಿಕೆ ಹಾಕತೊಡಗಿದ. ಮೂಳೆ ಎತ್ತುವುದೆಂದರೆ ಇಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಂದು ಬಿಡುಗಡೆ. ಜಾಗ ಕಡಿಮೆ, ಮೂರು ವರ್ಷ ಕಳೆದ ಮೇಲೆ ತೆಗೆದು, ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಮೂಳೆ ಹಳದಿಗಿದ್ದರೆ ಹೆಂಗಸರು ನೋಡಿ, ಎಷ್ಟು ಒಳ್ಳೆಯ ಜೀವ ಎಂದು ಸಮಾಧಾನ ಪಡುತ್ತಾರೆ. ಪ್ರೊದ್ರೊಮೋಸ್ ಸಲಿಕೆಯ ಸದ್ದಿಗೆ ಕಿವಿಗೊಟ್ಟ. ಬೇರೆ ಯಾರಿಗೂ ತಿಳಿಯದ್ದು ಅವನಿಗೆ ತಿಳಿಯಿತು: ಒಣ ಮಣ್ಣು ಕರಕರ ಎನ್ನುತ್ತದೆ, ಇದು ಪಚಕ್ ಪಚಕ್ ಎನ್ನುತ್ತಿತ್ತು. ನೀಲಿ ಜೇಡಿ. ಒಳಗೆ ಗಾಳಿ ಬಿಡದ ಮಣ್ಣು. ಬೇಡ, ಎಂದುಕೊಂಡ, ಯಾರಿಗೆ ಬೇಡ ಎನ್ನುತ್ತಿದ್ದೇನೆಂದು ತಿಳಿಯದೆ. ಪಾದ್ರಿಯ ಮಂತ್ರ ಒಂದೇ ಶ್ರುತಿಯಲ್ಲಿ ಸಾಗುತ್ತಿತ್ತು. ಹಲಗೆ ಮುರಿದ ಸದ್ದಾಯಿತು. ಆರ್ಗಿರಿಸ್ ಬಗ್ಗಿ ಕೈಯಿಂದ ಮಣ್ಣು ಸರಿಸಿದ, ನಿಂತ, ಪಾದ್ರಿಯ ಮುಖ ನೋಡಿದ. ಮಂತ್ರ ನಿಂತಿತು.

ಬೂದು ಸೂಟು ಹಾಗೇ ಇತ್ತು. ಅದರ ತೋಳಿನಿಂದ ಹೊರಗೆ ಬಂದ ಕೈಯೂ ಹಾಗೇ ಇತ್ತು. ಕಪ್ಪಾಗಿ, ಬಿಗಿದು, ಆದರೆ ಕೈಯೇ.

‘ಕರಗಿಲ್ಲ’ ಎಂದ ಆರ್ಗಿರಿಸ್, ತನ್ನದೇ ತಪ್ಪೆಂಬಂತೆ ದನಿ ತಗ್ಗಿಸಿ. ‘ನೀರು ನಿಂತಿದೆ. ಜೇಡಿ ಮಣ್ಣು. ಔಷಧಿ ಬೇರೆ ತಗೊಂಡಿದ್ರಲ್ಲ, ಕ್ಯಾನ್ಸರಿನೋರು ತಡ ಆಗ್ತಾರೆ. ಇನ್ನೊಂದು ಮೂರು ವರ್ಷ ಬಿಡೋಣ.’

ಯಾರೂ ಅವನ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಜೇಡಿಮಣ್ಣಿನ ವಿಷಯ ಎಲ್ಲರಿಗೂ ಗೊತ್ತು. ಆದರೂ ಗಂಡಸರು ಟೋಪಿ ತೆಗೆದರು, ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಸತ್ತವರ ಮೇಲೆ ಯಾರಾದರೂ ಮನಸ್ಸಿನಲ್ಲಿ ಹಗೆ ಇಟ್ಟುಕೊಂಡಿದ್ದರೆ ಮಣ್ಣು ಆ ದೇಹವನ್ನು ತೆಗೆದುಕೊಳ್ಳುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ, ಎಲ್ಲರಿಗೂ ಬರುತ್ತದೆ. ಸಿಮೇಲಾ ಮಂಡಿಯೂರಿ ಮಣ್ಣಿಗೆ ಬಡಿದಳು. ‘ಯಾರ್ರಪ್ಪಾ ಹಿಡ್ಕೊಂಡಿದೀರ ನನ್ ಗಂಡನ್ನ? ಬಿಡ್ರಪ್ಪಾ! ನಾಕು ವರ್ಷ ಆಯ್ತಲ್ಲೋ, ಕೈ ಬಿಡ್ರೋ!’ ಆಕೆ ಯಾರನ್ನೂ ನೋಡಲಿಲ್ಲ. ಉಳಿದವರೂ ನೋಡಲಿಲ್ಲ; ಎಲ್ಲರ ಕಣ್ಣೂ ಪ್ರೊದ್ರೊಮೋಸನನ್ನು ಬಿಟ್ಟು ಸುತ್ತಲೂ ಹೋಗಿ ನಿಂತವು, ನೋಡುವುದಕ್ಕಿಂತ ಅದೇ ಹೆಚ್ಚಾಯಿತು. ಪಾರ್ಥೇನಾ ಮಾತ್ರ ನೇರವಾಗಿ ನೋಡಿದಳು.

ಚರ್ಚು ಇಂಥದ್ದನ್ನೆಲ್ಲ ಹೇಳುವುದಿಲ್ಲ ತಾಯಿ ಎಂದ ಪಾದ್ರಿ, ಆದರೂ ಕ್ಷಮಾಪಣೆಯ ಮಂತ್ರ ಓದಿದ. ಒಬ್ಬೊಬ್ಬರೂ ಮುಂದೆ ಹೋಗಿ ವೈನು ಚೆಲ್ಲಿ, ದೇವರು ಕ್ಷಮಿಸಲಿ ಎಂದು ಮೂರು ಸಲ ಹೇಳಿ ಬಂದರು. ಪ್ರೊದ್ರೊಮೋಸನ ಸರದಿ ಬಂತು. ಬಾಟಲಿ ಜಾರುತ್ತಿತ್ತು. ದೇವರು ಕ್ಷಮಿಸಲಿ. ಮಾತು ಸಲೀಸಾಗಿ ಬಂತು, ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎನ್ನುವಷ್ಟು ಸಲೀಸಾಗಿ. ದೇವರು ಕ್ಷಮಿಸಲಿ. ದೇವರ ತಲೆಗೆ ಕಟ್ಟಿದರೆ ಸಾಕಲ್ಲ, ತಾನು ಕ್ಷಮಿಸಿದೆ ಎನ್ನಬೇಕಾಗಿಲ್ಲ. ಮೂರನೆಯ ಸಲ ಹೇಳುವಾಗ ಆ ಕಪ್ಪು ಕೈಯನ್ನು ನೋಡಿದ. ಅದು ಏನನ್ನೂ ಕೇಳುತ್ತಿರಲಿಲ್ಲ. ತಿರುಗಿ ಬಂದಾಗ ಪಾರ್ಥೇನಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು.

‘ಬಾಯೇನೋ ಬಿಡ್ತು. ನೀನು ಬಿಟ್ಯಾ?’

‘ಹೇಳಿದ್ನಲ್ಲೇ.’

‘ಆಸ್ಪತ್ರೇಲೂ ಹೇಳಿದ್ದೆ ನೀನು. ನೀರು ಬೇಕಾ ಅಂತ.’ ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. ‘ಮಗು ಆಗದೆ ಹೋಗಿದ್ದು ನಂಗೂ ಅಲ್ವಾ? ನಿನಗೊಬ್ಬನಿಗೇನಾ? ನಾನು ಬಿಟ್ಟೆ. ಅವನು ನಮ್ಮಣ್ಣ.’

ಪ್ರಾರ್ಥನಾಮಂದಿರದ ಜಗಲಿಯಲ್ಲಿ ಕಾಫಿ, ಬ್ರಾಂದಿ, ಕಾಗದದ ಲೋಟಗಳಲ್ಲಿ ಬೇಯಿಸಿದ ಗೋಧಿ. ಗುಂಡಿಯ ಕಡೆಯಿಂದ ಮಣ್ಣು ಮರಳಿ ಬೀಳುವ ಸದ್ದು ಕೇಳುತ್ತಿತ್ತು. ಪ್ರೊದ್ರೊಮೋಸ್ ಬ್ರಾಂದಿಯನ್ನು ಒಂದೇ ಗುಟುಕಿಗೆ ಕುಡಿದ. ಅವನಿಗೆ ಭಯವಾಗಿತ್ತು. ದೇವರ ಭಯವಲ್ಲ, ಒಬ್ಬ ಮನುಷ್ಯನನ್ನು ನಾಲ್ಕು ವರ್ಷ ಮಣ್ಣಿನಡಿಯಲ್ಲಿ ಕತ್ತಿನ ಪಟ್ಟಿ ಹಿಡಿದು ನಿಲ್ಲಿಸಿದ್ದೇನೆ, ಅಷ್ಟು ಬಲ ನನ್ನೊಳಗಿದೆ, ಅದು ನನಗೇ ಗೊತ್ತಿಲ್ಲದೆ ಕೆಲಸ ಮಾಡುತ್ತದೆ ಎಂಬ ಭಯ. ಜೇಡಿಮಣ್ಣು, ಜೇಡಿಮಣ್ಣು, ಎಂದು ಹೇಳಿಕೊಂಡ. ಮಣ್ಣಿನ ವಿಷಯ ಈ ಊರಿನಲ್ಲಿ ಅವನಷ್ಟು ಬಲ್ಲವರು ಯಾರು? ಆದರೂ ಭಯ ಹೋಗಲಿಲ್ಲ. ಮಾತಿನಲ್ಲಿ ಬಿಡಲಾಗದ್ದನ್ನು ಬೇರೆ ಯಾವುದರಲ್ಲಿ ಬಿಡುವುದು? ಯಾವುದರಿಂದ ಹಗೆ ಬಂತೋ ಅದರಿಂದಲೇ. ಇಷ್ಟು ಸರಳವಾದದ್ದು ಹೊಳೆಯಲು ಇಷ್ಟು ವರ್ಷ ಬೇಕಾಯಿತೇ! ಅನೆಸ್ತಿಸನ ಮಗಳ ಕೈಗೆ, ಎಲ್ಲರ ಎದುರು, ಮತ್ತೊಮ್ಮೆ ಪೂರ್ತಿ ಕೊಡುವುದು. ನಂಬಿದೆ ಎನ್ನುವುದು. ಅವನ ಎದೆ ನಿಜಕ್ಕೂ ಹಗುರಾಯಿತು. ಯಾವುದಕ್ಕಾದರೂ ಬೇಕಾಗಬಹುದೆಂದು ಹೋದ ವಾರವೇ ಬ್ಯಾಂಕಿಗೆ ಹೋಗಿ ಹಣ ಕಳಿಸುವ ಮಿತಿ ಏರಿಸಿಕೊಂಡು ಬಂದಿದ್ದ.

‘ದೋಮ್ನಾ, ಬಾ ಇಲ್ಲಿ ಮಗು.’ ಫೋನನ್ನು ಹೊರಗೆ ತೆಗೆದ. ‘ನಮ್ ಇಡಿಗಂಟು ನಿನ್ನ ಆ್ಯಪಿಗೇ ಹಾಕ್ತಿದೀನಿ. ಈಗಲೇ. ನಿಮ್ಮಪ್ಪ ನೋಡ್ಲಿ.’

ಜಗಲಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ದೋಮ್ನಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡಲೂ ಇಲ್ಲ. ‘ಇವತ್ತು ಬೇಡ ಮಾವ.’

‘ಇವತ್ತೇ.’

‘ಬೇಡ. ಬ್ಯಾಂಕಲ್ಲೇ ಇರ್ಲಿ. ಏನವಸರ ಈಗ? ಮನೇಲಿ ಮಾತಾಡೋಣ.’

ಪ್ರೊದ್ರೊಮೋಸ್ ನಕ್ಕ. ಇಲ್ಲಿ ಒಂದು ಮಿಠಾಯಿಯನ್ನೂ ಮೊದಲ ಸಲ ಚಾಚಿದಾಗ ಯಾರೂ ತೆಗೆದುಕೊಳ್ಳುವುದಿಲ್ಲ. ಬೇಡ ಎನ್ನಬೇಕು, ಬಲವಂತ ಮಾಡಿಸಿಕೊಳ್ಳಬೇಕು, ಇನ್ನೊಮ್ಮೆ ಬೇಡ ಎನ್ನಬೇಕು. ಚಾಚಿದ ಕೈಗೆ ಕೊಡುವ ಗೌರವ ಅದು. ಎಷ್ಟು ಚೆನ್ನಾಗಿ ಬೆಳೆಸಿದ್ದಾಳೆ ಸಿಮೇಲಾ ಅಕ್ಕ ಎನಿಸಿತು. ಬೆಳಿಗ್ಗೆ ಈ ಹುಡುಗಿಯ ಬಗ್ಗೆ ಏನೆಲ್ಲ ಯೋಚಿಸಿದೆ!

‘ತಗೊಳ್ಳೇ’ ಎಂದಳು ಪಾರ್ಥೇನಾ. ಅವಳ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷಗಳಲ್ಲಿ ಅವಳು ಗಂಡನನ್ನು ಹೀಗೆ ನೋಡಿರಲಿಲ್ಲ.

ಸಿಮೇಲಾ ಮಣ್ಣಾದ ಕೈಯಲ್ಲೇ ಮಗಳ ತೋಳು ಹಿಡಿದಳು. ‘ಬೇಡ ಅನ್ಬೇಡ ಹುಡುಗಿ. ಮಾವ ಕೊಡ್ತಿರೋದು ನಿಂಗಲ್ಲ. ನಿಮ್ಮಪ್ಪನ ಆತ್ಮಕ್ಕೆ.’

ಹೆಂಗಸರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಪಾದ್ರಿಯೂ. ದೋಮ್ನಾ ಒಬ್ಬೊಬ್ಬರ ಮುಖವನ್ನೂ ನೋಡಿ ಬಾಯಿ ಮುಚ್ಚಿಕೊಂಡಳು. ಪ್ರೊದ್ರೊಮೋಸ್ ಒತ್ತಿದ. ಖಚಿತವೇ ಎಂದು ಕೇಳಿತು. ಖಚಿತ ಎಂದು ಒತ್ತಿದ. ಹಣ ತಲುಪಿದೆ. ಹಿಂದೆ ಆರ್ಗಿರಿಸ್ ಸಲಿಕೆಯಿಂದ ಮಣ್ಣನ್ನು ತಟ್ಟಿ ತಟ್ಟಿ ಕೂರಿಸುತ್ತಿದ್ದ. ಸಿಮೇಲಾ ಪ್ರೊದ್ರೊಮೋಸನ ಎರಡೂ ಕೆನ್ನೆಗೆ ಮುತ್ತಿಟ್ಟು, ‘ಅವನು ಇನ್ನು ಕರಗ್ತಾನೆ ತಮ್ಮಾ’ ಎಂದಳು. ಅವನು ಅತ್ತ. ಸಂತೋಷಕ್ಕೆ ಅತ್ತೆ ಎಂದು ಅವನೇ ಎಲ್ಲರಿಗೂ ಹೇಳಿದ.

ಪಾರ್ಥೇನಾ ಅತ್ತಿಗೆಯ ಜೊತೆ ಮನೆಮನೆಗೆ ಗೋಧಿ ಹಂಚಲು ಹೋದಳು. ದೋಮ್ನಾ ಮಾವನ ಕಾರು ಹತ್ತಿದಳು. ಇಳಿಜಾರಿನ ಮೊದಲ ತಿರುವು ಬಂತು. ಅವನು ಸಿಳ್ಳು ಹಾಕುವಷ್ಟು ಹಗುರಾಗಿದ್ದ.

‘ಮಾವ, ಕಾರ್ ನಿಲ್ಸು.’

‘ಯಾಕೆ, ವಾಂತಿ ಬರ್ತಿದ್ಯಾ?’

‘ನಿಲ್ಸು.’

ಗಣಿಯ ಬೇಲಿಯ ಪಕ್ಕ ನಿಲ್ಲಿಸಿದ. ಅವಳು ಮುಂದಿನ ಗಾಜನ್ನೇ ನೋಡುತ್ತ ಹೇಳಿದಳು. ‘ಗುರುವಾರದಿಂದ ದುಡ್ಡು ವಾಪಸ್ ಕೇಳ್ದೋರಿಗೆ ಬರ್ತಿಲ್ಲ. ತಾಂತ್ರಿಕ ತೊಂದ್ರೆ ಅಂತ ಹೇಳಿ ಅಂದಿದಾರೆ ನಮ್ಗೆ. ನಿನ್ನೆಯಿಂದ ಮೇಲಿನೋರು ಯಾರೂ ಫೋನೇ ಎತ್ತುತ್ತಿಲ್ಲ. ಅದನ್ನೇ ಹೇಳ್ಬೇಕು ಅಂತಿದ್ದೆ. ಹಾಕ್ಬೇಡ ಅಂತ.’

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಆಶ್ಚರ್ಯವೂ ಆಗಲಿಲ್ಲ. ಎಲ್ಲ ಕಳೆದುಕೊಂಡವನು ನಿಲ್ಲುವ ಈ ಜಾಗ ಅವನಿಗೆ ಗೊತ್ತಿತ್ತು, ಹಿಂದೆ ಇಲ್ಲಿ ಇದ್ದವನೇ ಅವನು. ‘ಈಗ ಹಾಕಿದ್ದು... ಇನ್ನೂ ಹತ್ತು ನಿಮಿಷ ಆಗಿಲ್ಲ.’

‘ಒಂದ್ಸಲ ಹೋದ್ರೆ ಹೋಯ್ತು. ವಾಪಸ್ ಎಳ್ಕೊಳ್ಳಕ್ಕೆ ಆಗಲ್ಲ. ಕೇಳ್ತೀನಿ, ಎಲ್ಲಾ ಕಡೆ ಕೇಳ್ತೀನಿ, ಆದ್ರೆ...’

‘ಬಾಯ್ಬಿಟ್ಟು ಒಂದ್ ಮಾತು ಹೇಳಕ್ಕೆ ಆಗ್ಲಿಲ್ವಾ?’

‘ಬೇಡ ಅಂದೆ! ಎರಡು ಸಲ ಅಂದೆ!’ ಅವಳು ಕಿರುಚಿದಳು, ಆಮೇಲೆ ದನಿ ಕುಸಿಯಿತು. ‘ಅಮ್ಮ ಅಪ್ಪನ ಆತ್ಮಕ್ಕೆ ಅಂದ್ಳು. ಎಲ್ಲಾರೂ ಶಿಲುಬೆ ಹಾಕ್ಕೊಂಡ್ರು. ಆಗ ನಾನು ಏನಂತ ಹೇಳ್ಲಿ? ಅಪ್ಪನ ತರಾನೇ ನಾನೂ ಊರಿನ ದುಡ್ಡು ಮುಳುಗಿಸ್ದೆ ಅಂತ, ಅವನ ಗುಂಡಿ ಪಕ್ಕದಲ್ಲಿ ನಿಂತು? ನಂಗೆ ಆಗ್ಲಿಲ್ಲ ಮಾವ. ಆಗ್ಲೇ ಇಲ್ಲ.’

ಕೆಳಗೆ ಗಣಿಯಲ್ಲಿ ಯಾವುದೋ ನಾಯಿ ಬೊಗಳುತ್ತಿತ್ತು. ಪಾರ್ಥೇನಾ ಈಗ ಯಾರದೋ ಮನೆಯ ಬಾಗಿಲಲ್ಲಿ ನಿಂತು ಗೋಧಿಯ ಲೋಟ ಕೊಡುತ್ತ, ನಮ್ಮ ಮನೆಯವರು ಎಷ್ಟು ದೊಡ್ಡ ಮನಸ್ಸು ಮಾಡಿದರು ಗೊತ್ತೇ ಎಂದು ಹೇಳುತ್ತಿರಬೇಕು. ಮುಂದಿನ ತಿಂಗಳ ಬಾಡಿಗೆ, ಅವಳ ಮಂಡಿಯ ಆಪರೇಷನ್ನು, ತೀರಾ ಕೈಲಾಗದಾದಾಗ ಒಂದು ನರ್ಸು, ಎಲ್ಲವೂ ಆ ಗಂಟಿನಲ್ಲಿತ್ತು. ಮಕ್ಕಳಿಲ್ಲದವರಿಗೆ ಆ ದುಡ್ಡೇ ಮಗ. ಎರಡನೆಯ ಸಲ. ಅಪ್ಪ ಒಂದು ಸಲ, ಮಗಳು ಒಂದು ಸಲ. ಆ ಲೆಕ್ಕ ಅವನ ಒಳಗೆ ಎಲ್ಲೋ ಯಾರೂ ಹೇಳದೆ ತಾನಾಗಿಯೇ ಕೂತುಕೊಂಡಿತು. ಕೂತ ಸದ್ದೂ ಅವನಿಗೆ ಕೇಳಿಸಿತು.

‘ಮಾವ.’ ದೋಮ್ನಾ ಅವನ ತೋಳು ಹಿಡಿದಳು. ‘ಬೈಯಿ. ಹೊಡಿ ಬೇಕಾದ್ರೆ. ಆದ್ರೆ ಒಳಗೆ ಇಟ್ಕೋಬೇಡ. ಇವತ್ತು ನೋಡಿದ್ಮೇಲೆ ನಂಗೆ ಭಯ ಆಗ್ತಿದೆ. ಏನೂ ಇಲ್ಲ ಅಂತ ಒಂದ್ಸಲ ಹೇಳು.’

ಅವನು ಬಾಯಿ ತೆರೆದ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಮೊದಲ ಹಲ್ಲು ಮೊಳೆತಾಗ ಅವನ ಬೆರಳನ್ನೇ ಕಚ್ಚಿದವಳು. ತಪ್ಪು ಅವಳದಲ್ಲ, ಅವಳು ಬೇಡ ಎಂದಿದ್ದಳು, ಎರಡು ಸಲ ಎಂದಿದ್ದಳು. ಇದನ್ನೆಲ್ಲ ಅವನು ಚೆನ್ನಾಗಿ ಬಲ್ಲ. ಹೇಳು, ಎಂದು ತನ್ನನ್ನೇ ಬೇಡಿಕೊಂಡ. ಹೇಳಿಬಿಡು, ಏನೂ ಇಲ್ಲ ಮಗು, ಮೂರೇ ಮಾತು. ಗಂಟಲಿನಲ್ಲಿ ಒದ್ದೆ ಜೇಡಿ ತುಂಬಿದ ಹಾಗೆ ಏನೂ ಮೇಲೆ ಬರಲಿಲ್ಲ. ಅವಳು ಕಾಯುತ್ತಿದ್ದಳು. ತೋಳಿನ ಮೇಲಿದ್ದ ಅವಳ ಕೈಯನ್ನು ನೋಡಿದ; ಬೆಚ್ಚಗಿತ್ತು, ಉಗುರುಗಳಿಗೆ ಗುಲಾಬಿ ಬಣ್ಣವಿತ್ತು. ವಯಸ್ಸಿನ ಲೆಕ್ಕದಲ್ಲಿ ಅವನೇ ಮೊದಲು ಸಾಯುವವನು. ಆಮೇಲೆ ಇವಳ ದಿನ ಬಂದು ಈ ಕೈಯೂ ಕರಗದೆ ಉಳಿದರೆ, ವೈನು ಚೆಲ್ಲಿ ಇವಳನ್ನು ಬಿಟ್ಟೆ ಎನ್ನಲು ಅವನು ಇರುವುದಿಲ್ಲ.